ಊರವರ ರೂಮು

ಕರಾವಳಿಯಿಂದ ಮುಂಬೈಗೆ ಹೊರಟ ಹುಡುಗನ ಕಿಸೆಯಲ್ಲಿ ಒಂದು ಕಾಲಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಒಂದು ವಿಳಾಸದ ಚೀಟಿ ಇದ್ದೇ ಇರುತ್ತಿತ್ತು. ಪರೇಲಿನದೋ ಲಾಲ್‌ಬಾಗಿನದೋ ಫೋರ್ಟಿನದೋ ಒಂದು ಚಾಳಿನ ಹೆಸರು, ಎಷ್ಟನೇ ಮಾಳಿಗೆ, ಎಷ್ಟನೇ ಖೋಲಿ, ಮೇಲೆ 'ಕೇರಾಫ್' ಎಂದು ಊರಿನ ಯಾರಾದರೊಬ್ಬರ ಹೆಸರು. ಆ ಚೀಟಿಯ ಧೈರ್ಯದ ಮೇಲೆ ಕುಂದಾಪುರದ, ಉಡುಪಿಯ, ಕಾರ್ಕಳದ, ಅಂಕೋಲೆಯ ತಾಯಂದಿರು ಮೀಸೆ ಮೂಡದ ಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದರು. ಕೆಲಸ ಅಲ್ಲಿಗೆ ಹೋದಮೇಲೆ ಸಿಕ್ಕೀತು; ಮೊದಲ ರಾತ್ರಿ ಎಲ್ಲಿ ಮಲಗುವುದೆಂಬ ಚಿಂತೆ ಮಾತ್ರ ಯಾರಿಗೂ ಇರಲಿಲ್ಲ. ಊರವರ ರೂಮಿತ್ತು. ಈಗ ಆ ರೂಮು ಮುಂಬೈಯಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ಅದಕ್ಕೆ ಯಾರೂ ಸೂತಕ ಹಿಡಿಯಲಿಲ್ಲ ಎಂಬ ಸಂಕಟ ನನಗೆ.

ನಾನು ಹೋದದ್ದು ತುರ್ತುಪರಿಸ್ಥಿತಿ ಮುಗಿದ ಮೇಲಿನ ವರ್ಷಗಳಲ್ಲಿ. ಕೊಂಕಣ ರೈಲು ಬರಲು ಇನ್ನೂ ಇಪ್ಪತ್ತು ವರ್ಷವಿತ್ತು. ಘಟ್ಟ ಹತ್ತಿ, ಹುಬ್ಬಳ್ಳಿ, ಕೊಲ್ಲಾಪುರ ದಾಟಿ ಹೋಗುವ ಬಸ್ಸು. ಪರೇಲಿನ ಚಾಳಿನಲ್ಲಿ ಮೂರನೇ ಮಾಳಿಗೆ. ಉದ್ದಾನುದ್ದ ಗ್ಯಾಲರಿ, ಒಂದು ಬದಿಗೆ ಸಾಲು ಖೋಲಿಗಳು, ತುದಿಯಲ್ಲಿ ಎಲ್ಲರಿಗೂ ಸೇರಿದ ಸಂಡಾಸು. ಬಾಗಿಲಲ್ಲಿ ನಿಂತವನನ್ನು ಒಳಗಿನಿಂದ ಒಬ್ಬರು ನೋಡಿ, ಯಾರ ಮನೆಯವನೆಂದು ಕೇಳಿ, "ಚಾಪಿ ಹಾಸುಕೆ ಜಾಗ ಇತ್ತ್, ಬಾ" ಎಂದರು. ಅಷ್ಟೇ. ಡಿಪಾಜಿಟ್ಟಿಲ್ಲ, ಕಾಗದವಿಲ್ಲ, ದಲಾಲನಿಲ್ಲ.

ಖೋಲಿ ಹತ್ತಡಿಗೆ ಹನ್ನೆರಡಡಿಯ ಆಸುಪಾಸು. ಮೂಲೆಯಲ್ಲಿ ಮೋರಿ, ಮೋರಿಯ ಪಕ್ಕ ಸೀಮೆಎಣ್ಣೆ ಸ್ಟೋವು, ತಲೆಯ ಮೇಲೆ ಹಲಗೆ ಹೊಡೆದು ಮಾಡಿಕೊಂಡ ಅಟ್ಟ. ಒಂದು ಗೋಡೆಗೆ ಟ್ರಂಕುಗಳ ರಾಶಿ, ಇನ್ನೊಂದು ಗೋಡೆಗೆ ಸಾಲಾಗಿ ಮೊಳೆ. ಮೊಳೆ ಒಬ್ಬೊಬ್ಬರಿಗೆ ಒಂದೊಂದು. ಅಂಗಿ, ಪಂಚೆ, ಛತ್ರಿ, ಊರಿಂದ ತಂದ ಚೀಲ ಎಲ್ಲ ಅದೊಂದೇ ಮೊಳೆಗೆ. ನಿನಗೊಂದು ಮೊಳೆ ಕೊಟ್ಟರೆಂದರೆ ನೀನು ರೂಮಿನವನಾದೆ. ಹಗಲು ಪಾಳಿಯವರು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯಿಂದ ಬಂದ ಮಿಲ್ಲಿನವರು ಉರುಳಿಕೊಳ್ಳುತ್ತಿದ್ದರು. ಚಾಪೆ ತಣ್ಣಗಾಗುವಷ್ಟು ಬಿಡುವು ಅದಕ್ಕಿರಲಿಲ್ಲ. ಬೇಸಿಗೆಯಲ್ಲಿ ಅರ್ಧ ಜನ ಗ್ಯಾಲರಿಯಲ್ಲೇ ಮಲಗುವುದು. ಮಳೆಗಾಲದಲ್ಲಿ ಎಲ್ಲರೂ ಒಳಗೆ, ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕು.

ಬಾಗಿಲ ಹಿಂದೆ ದಾರ ಕಟ್ಟಿ ನೇತುಹಾಕಿದ ಒಂದು ಲೆಕ್ಕದ ಪುಸ್ತಕವಿತ್ತು. ಕೆಂಪು ರಟ್ಟು, ಒಳಗೆ ಬೇರೆ ಬೇರೆ ಕೈಯ ಕನ್ನಡ ಅಕ್ಷರ. ಎಡಗಡೆ ಬಾಡಿಗೆ, ಲೈಟು, ಸೀಮೆಎಣ್ಣೆ, ಕುಚ್ಚಲಕ್ಕಿ, ಭಾನುವಾರದ ಬಂಗುಡೆ. ಬಲಗಡೆ ಹೆಸರುಗಳು. ಹೊಸತಾಗಿ ಬಂದವನ ಹೆಸರಿನ ಮುಂದೆ ಕೆಲಸ ಸಿಗುವ ತನಕ ಗೆರೆ ಮಾತ್ರ, ಮೊತ್ತವಿಲ್ಲ. ಕೆಲಸ ಸಿಕ್ಕ ತಿಂಗಳಿನಿಂದ ಅಂಕಿ ಶುರು. ಗೆರೆಯಿದ್ದ ತಿಂಗಳುಗಳನ್ನು ಯಾರೂ ಆಮೇಲೆ ವಸೂಲು ಮಾಡುತ್ತಿರಲಿಲ್ಲ. ಮುಂದೆ ಬರುವ ಇನ್ನೊಬ್ಬನ ಗೆರೆಯ ತಿಂಗಳುಗಳನ್ನು ನೀನು ಹೊರಬೇಕು, ಅದೇ ತೀರುವಳಿ. ನನ್ನ ಹೆಸರಿನ ಮುಂದಿನ ಗೆರೆಗಳನ್ನು ಹೊತ್ತವರಲ್ಲಿ ಹೆಚ್ಚಿನವರು ಈಗ ಇಲ್ಲ. ಇನ್‌ಲ್ಯಾಂಡ್ ಪತ್ರ, ಮನಿಯಾರ್ಡರಿನ ರಸೀದಿ, ಕೆಲವರ ರೇಷನ್ ಕಾರ್ಡು, ಮೊದಲ ಬ್ಯಾಂಕ್ ಪಾಸ್‌ಬುಕ್ಕು ಎಲ್ಲವೂ ಆ ಒಂದೇ ಖೋಲಿಯ ವಿಳಾಸಕ್ಕೆ.

ಇಷ್ಟು ಜನ ಸೇರಿ ಹೊರಬಹುದಾದ ಬಾಡಿಗೆ ಅಲ್ಲಿ ಹೇಗೆ ಉಳಿದಿತ್ತು? ಒಂದು ಕಾರಣ ಚಾಳುಗಳು ಹುಟ್ಟಿದ ರೀತಿ. ಹತ್ತಿ ಗಿರಣಿಗಳು ಲಕ್ಷಾಂತರ ಕೈಗಳನ್ನು ಕರೆದಾಗ ಖಾಸಗಿ ಸೇಟುಗಳು ಬಾಡಿಗೆಯ ಆಸೆಗೆ ಚಾಳು ಕಟ್ಟಿದರು, ಕೆಲವು ಗಿರಣಿಗಳೂ ಕಟ್ಟಿದವು. 1896ರ ಪ್ಲೇಗು ಬಡಿದ ಮೇಲೆ ಸರಕಾರಕ್ಕೂ ಬಿಸಿ ಮುಟ್ಟಿ, 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಯಲ್ಲಿ ಬಿಡಿಡಿ ಚಾಳುಗಳನ್ನು ಎಬ್ಬಿಸಿತು. ಒಂದೊಂದು ಖೋಲಿ 160 ಚದರಡಿ. ಇನ್ನೊಂದು ಕಾರಣ 1947ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಕಾಯ್ದೆಯ ಬಲದಿಂದ ಬಾಡಿಗೆದಾರನನ್ನು ಎಬ್ಬಿಸುವುದು ಕಷ್ಟವಾಯಿತು. ಬಾಡಿಗೆದಾರ ತನ್ನ ಹಕ್ಕನ್ನು ಇನ್ನೊಬ್ಬನಿಗೆ ಕೊಡುವಾಗ ಒಂದು ಗಂಟು, ಅದರಲ್ಲೊಂದು ಪಾಲು ಮಾಲಕನಿಗೆ. ಇದೇ ಪಗಡಿ. ನಮ್ಮ ಹಿರಿಯರು ಹೋಟೆಲಿನ ಗಲ್ಲೆಯಲ್ಲಿ, ಗಿರಣಿಯ ಸಾಂಚೆಯ ಮುಂದೆ ದುಡಿದು ಕೂಡಿಸಿದ ಹಣದಿಂದ ಪಗಡಿ ಕೊಟ್ಟು ಖೋಲಿ ಹಿಡಿದರು. ಒಬ್ಬರ ಹೆಸರಲ್ಲಿದ್ದ ಖೋಲಿ ಊರಿನ ಖೋಲಿಯಾಯಿತು.

ಇದೇ ಕಾಯ್ದೆ ಇನ್ನೊಂದು ಕೆಲಸವನ್ನೂ ಮಾಡಿತು, ಅದನ್ನು ಮುಚ್ಚಿಡಬಾರದು. ಬಾಡಿಗೆ ಏರದ ಮೇಲೆ ಮಾಲಕ ಕಟ್ಟಡದ ಕಡೆ ತಿರುಗಿ ನೋಡಲಿಲ್ಲ. ತೊಲೆ ಕೊಳೆಯಿತು, ಮೆಟ್ಟಿಲು ಓಲಾಡಿತು. 1969ರಲ್ಲಿ ಸರಕಾರ ದುರಸ್ತಿ ಮಂಡಳಿ ಮಾಡಿ ಸೆಸ್ ಹಾಕಿತಾದರೂ ತೇಪೆಗೆ ಮಿತಿಯಿದೆ. 2017ರ ಆಗಸ್ಟಿನಲ್ಲಿ ಭೇಂಡಿ ಬಜಾರಿನ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳದೆ ಆಗಿಹೋಯಿತು: ಬಡವನಿಗೆ ಬಾಡಿಗೆಗೆ ಕೊಡಲೆಂದು ಹೊಸ ಚಾಳು ಕಟ್ಟುವುದನ್ನೇ ಎಲ್ಲರೂ ಬಿಟ್ಟರು. ಖಾಸಗಿಯವರು ಬಿಟ್ಟರು, ಸರಕಾರವೂ ಬಿಟ್ಟಿತು. ಮನೆಯೆಂದರೆ ಕೊಳ್ಳುವ ಮನೆ, ಇಲ್ಲವಾದರೆ ಝೋಪಡಿ. 2011ರ ಜನಗಣತಿಯ ಹೊತ್ತಿಗೆ ಮುಂಬೈಯ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನ ಕೊಳೆಗೇರಿಗಳಲ್ಲಿದ್ದರು.

ರೂಮು ಕೊಟ್ಟದ್ದು ಬರೀ ಸೂರನ್ನು ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ಅದು ನಮಗೆ ಹೊತ್ತನ್ನು ಕೊಟ್ಟಿತು. ಹೋಟೆಲಿನಿಂದ ರೂಮಿಗೆ ನಡೆದು ಹೋಗುವಷ್ಟು ದಾರಿ. ರೂಮಿನಿಂದ ರಾತ್ರಿ ಶಾಲೆಗೆ ಇನ್ನಷ್ಟು ನಡೆದರಾಯಿತು. ಬೆಳಿಗ್ಗೆಯಿಂದ ಗ್ಲಾಸು ತೊಳೆದ, ಟೇಬಲು ಒರೆಸಿದ ಮಾಣಿಗಳು ಸಂಜೆ ಮುಖಕ್ಕೆ ನೀರು ಹಾಕಿಕೊಂಡು ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ಎಷ್ಟೆಂದು ಲೆಕ್ಕವಿಟ್ಟವರಿಲ್ಲ. ನಾನೂ ಆ ಬೆಂಚಿನಿಂದಲೇ ಎದ್ದು ಬಂದವನು. ಗ್ಯಾಲರಿಯ ಮಂದ ಬಲ್ಬಿನ ಕೆಳಗೆ ಬೀಜಗಣಿತ ಬಿಡಿಸುವಾಗ ಪಕ್ಕದ ಖೋಲಿಯ ಮರಾಠಿ ಆಯಿ ಸಂಡಾಸಿಗೆ ಹೋಗುವ ದಾರಿಯಲ್ಲಿ ನಿಂತು "ಝೋಪ್ ರೇ ಬಾಳಾ", ಮಲಗೋ ಮಗೂ, ಎನ್ನುತ್ತಿದ್ದಳು. ಶನಿವಾರ ರಾತ್ರಿ ತಾಳಮದ್ದಳೆ, ಭಾನುವಾರ ಸಂಘದ ಸಭೆ, ನಾಟಕದ ರಿಹರ್ಸಲ್. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಇವುಗಳ ಹೆಸರಿನ ಜೊತೆ ದೊಡ್ಡವರ ಹೆಸರು ನಿಲ್ಲುತ್ತದೆ, ಸರಿಯೇ. ಆದರೆ ಸಭೆಯ ಕುರ್ಚಿಗಳನ್ನು ತುಂಬಿದವರು, ಜಮಖಾನ ಹಾಸಿದವರು, ಪತ್ರಿಕೆ ಹಂಚಿದವರು ಇಂಥ ರೂಮುಗಳಿಂದಲೇ ಬಂದವರು. ಯಶವಂತ ಚಿತ್ತಾಲರ, ವ್ಯಾಸರಾಯ ಬಲ್ಲಾಳರ, ಜಯಂತ ಕಾಯ್ಕಿಣಿಯವರ ಮುಂಬೈ ನಮಗೆ ಪುಸ್ತಕದಲ್ಲಿ ಸಿಕ್ಕುವ ಮೊದಲೇ ಕಾಲಿಗೆ ಸಿಕ್ಕಿತ್ತು. ಸಂಬಳ ಆಗಲೂ ಚಿಕ್ಕದೇ. ಆ ಚಿಕ್ಕ ಸಂಬಳದವನಿಗೂ ಪೇಟೆಯ ನಡುವೆ ಸಂಜೆಯೆಂಬುದೊಂದಿತ್ತು.

ರೂಮನ್ನು ನಾನು ಪೂಜಿಸಲಾರೆ. ಅಲ್ಲಿ ತಿಗಣೆಯಿತ್ತು, ಕ್ಷಯವಿತ್ತು. ಒಬ್ಬನಿಗೆ ಕೆಮ್ಮು ಹತ್ತಿದರೆ ಉಳಿದವರೆಲ್ಲ ಎದೆ ಹಿಡಿದುಕೊಂಡು ಮಲಗಬೇಕು. ಕುಟುಂಬವಿದ್ದ ಖೋಲಿಗಳಲ್ಲಿ ಹೆಂಗಸರು ನಸುಕಿಗೇ ಎದ್ದು ನಲ್ಲಿಯ ಮುಂದೆ ಸಾಲು ನಿಂತು ಆಯಸ್ಸು ಸವೆಸಿದರು. ಇನ್ನೂ ನೋವಿನ ಮಾತೆಂದರೆ, ಊರವರ ರೂಮು ಎಂದು ನಾವು ಕರೆದದ್ದು ಬಹಳ ಸಲ ಜಾತಿಯವರ ರೂಮಾಗಿತ್ತು. ಬಂಟರದು ಬೇರೆ, ಬಿಲ್ಲವರದು ಬೇರೆ, ಮೊಗವೀರರದು ಬೇರೆ, ಭಟ್ಟರದು ಬೇರೆ. ಅದೇ ಊರಿನ ದಲಿತ ಹುಡುಗನ ಕಿಸೆಯಲ್ಲಿ ಅಂಥ ಚೀಟಿ ಅಷ್ಟು ಸುಲಭವಾಗಿ ಇರುತ್ತಿರಲಿಲ್ಲ. ಅವನ ಮುಂಬೈ ಇನ್ನೂ ಕಠಿಣವಾದ ಬಾಗಿಲಿನಿಂದ ಶುರುವಾಯಿತು. ಇದೆಲ್ಲ ನಿಜ. ಹಾಗಿದ್ದೂ ರೂಮು ಹೋದದ್ದು ಈ ತಪ್ಪುಗಳನ್ನು ತಿದ್ದಿದ್ದರಿಂದ ಅಲ್ಲ. ನೆಲದ ಬೆಲೆ ಏರಿದ್ದರಿಂದ.

1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಶುರುವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಗಿರಣಿಯ ಸುತ್ತಲಿನ ನಮ್ಮ ಹೋಟೆಲುಗಳಲ್ಲಿ ಉದರಿ ಪುಸ್ತಕ ಉದ್ದವಾಗುತ್ತಾ ಹೋಯಿತು. ಮೊದಲು ಉಸಳ್ ಬಿಟ್ಟರು, ಆಮೇಲೆ ಪಾವ್, ಕೊನೆಗೆ ಚಹಾದ ಅರ್ಧ ಕಪ್ಪು. ನಮ್ಮ ರೂಮಿನ ಮಿಲ್ಲಿನವರು ಒಬ್ಬೊಬ್ಬರಾಗಿ ಟ್ರಂಕು ಇಳಿಸಿ ಊರಿಗೆ ಹೋದರು. ಹಿಂತಿರುಗಿ ಬಂದವರಿಗೆ ಅನೇಕ ಗಿರಣಿಗಳ ಬಾಗಿಲು ತೆರೆಯಲಿಲ್ಲ. 1991ರ ನಿಯಮದಂತೆ ಗಿರಣಿಗಳ ನೆಲ ಮಾರುವಾಗ ಒಂದು ಪಾಲು ಸಾರ್ವಜನಿಕ ಬಳಕೆಗೆ, ಒಂದು ಪಾಲು ಬಡವರ ಮನೆಗಳಿಗೆ ಹೋಗಬೇಕಿತ್ತು. 2001ರ ತಿದ್ದುಪಡಿ ಆ ಪಾಲನ್ನು ಖಾಲಿ ಇದ್ದ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ಕಟ್ಟಡ ನಿಂತಿದ್ದ ನೆಲವೆಲ್ಲ ಲೆಕ್ಕದಿಂದ ಜಾರಿತು. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ಪರೇಲಿನ ಚಿಮಣಿಗಳಿದ್ದಲ್ಲಿ ಈಗ ಮಾಲುಗಳಿವೆ, ಕಚೇರಿಗಳಿವೆ, ತುದಿ ಕಾಣದ ಗೋಪುರಗಳಿವೆ. ಆ ನೆಲದಲ್ಲಿ ಬಾಡಿಗೆ ಖೋಲಿಗಳನ್ನು ಕಟ್ಟಬಹುದಾಗಿದ್ದ ಒಂದು ಗಳಿಗೆ ಈ ನಗರಕ್ಕೆ ಸಿಕ್ಕಿತ್ತು. ಅಂಥ ಗಳಿಗೆ ಮತ್ತೆ ಬರುವುದಿಲ್ಲ.

ಚಾಳುಗಳ ಪುನರ್ನಿರ್ಮಾಣವನ್ನು ನಾನು ವಿರೋಧಿಸುವುದಿಲ್ಲ. ಬಿಡಿಡಿ ಚಾಳಿನ 160 ಚದರಡಿಯಲ್ಲಿ ಮೂರು ತಲೆಮಾರು ಕಳೆದವರಿಗೆ ಅಲ್ಲೇ 500 ಚದರಡಿಯ ಸ್ವಂತ ಮನೆ ಸಿಗುತ್ತಿದೆ. ಒಳಗೇ ಬಚ್ಚಲು, ಒಳಗೇ ನಲ್ಲಿ. ಅದು ಅವರ ಹಕ್ಕು. ಆದರೆ ಸ್ವಂತದ ಮನೆಯಲ್ಲಿ ಮೊಳೆ ಹಂಚುವುದಿಲ್ಲ. ಇದ್ದವರಿಗೆ ಮನೆಯಾಯಿತು, ಉಳಿದ ಮಹಡಿಗಳು ಮಾರಾಟಕ್ಕೆ ಹೋದವು, ನಾಳೆ ಬರುವವನ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. 2008ರಲ್ಲಿ ಮುಂಬೈ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ (ಎಂಎಂಆರ್‌ಡಿಎ) ಬಾಡಿಗೆ ಮನೆಗಳದೇ ಒಂದು ಯೋಜನೆ ತಂದಿತ್ತು, ಹಳೆಯ ಚಾಳಿನಷ್ಟೇ, 160 ಚದರಡಿಯ ಮನೆಗಳು. ಓದಿ ನನಗೆ ಜೀವ ಬಂದಂತಾಗಿತ್ತು. ಕೆಲವೇ ವರ್ಷಗಳಲ್ಲಿ ಆ ಯೋಜನೆಯೂ ಬಾಡಿಗೆಯ ದಾರಿ ಬಿಟ್ಟು ಮಾರಾಟದ ಮನೆಗಳ ಕಡೆ ಹೊರಳಿತು.

ಮುಂಬೈಯ ಹೋಟೆಲುಗಳಲ್ಲಿ ಈಗ ಒಡಿಶಾದ, ಬಿಹಾರದ, ಜಾರ್ಖಂಡಿನ, ನೇಪಾಳದ ಹುಡುಗರು. ಹಲವರು ಅಡುಗೆಮನೆಯ ಮೇಲಿನ ಅಟ್ಟದಲ್ಲೇ ಮಲಗುತ್ತಾರೆ; ಕೆಲಸ ಬಿಟ್ಟ ದಿನ ಹಾಸಿಗೆಯೂ ಹೋಯಿತು. ಉಳಿದವರು ನಾಲಾಸೋಪಾರಾ, ವಿರಾರ್, ಬದ್ಲಾಪುರದ ಕಡೆ ಒಂದು ಕೋಣೆಗೆ ಐದಾರು ಜನ ಸೇರಿ ಹಣ ಹಾಕುತ್ತಾರೆ. ಡಿಪಾಜಿಟ್ಟು ಬೇರೆ, ದಲಾಲಿ ಬೇರೆ, ಹನ್ನೊಂದು ತಿಂಗಳಿಗೊಮ್ಮೆ ಕರಾರು ಬೇರೆ. ಒಂಟಿ ಹುಡುಗರೆಂದರೆ ಎಷ್ಟೋ ಸೊಸೈಟಿಗಳಲ್ಲಿ ಗೇಟಿನಿಂದಲೇ ವಾಪಸು. ಚರ್ಚ್‌ಗೇಟಿನಿಂದ ವಿರಾರ್ 60 ಕಿಲೋಮೀಟರ್. ರಾತ್ರಿ ಹೋಟೆಲು ಮುಚ್ಚಿ ಕೊನೆಯ ಲೋಕಲ್ ಹಿಡಿದವನು ನಸುಕಿನ ಲೋಕಲ್ಲಿಗೆ ಮತ್ತೆ ನಿಂತಿರಬೇಕು. ಇಂಥವನನ್ನು ಯಾವ ರಾತ್ರಿ ಶಾಲೆ ಕೂರಿಸಿಕೊಂಡೀತು? ಡೊಂಬಿವಲಿಯಲ್ಲಿ ನನ್ನ ಮನೆಗೆ ಊಟದ ಡಬ್ಬಿ ತರುವ ಹುಡುಗನೊಬ್ಬನಿದ್ದಾನೆ. ಓದುವ ಆಸೆ ಇದೆಯಾ ಎಂದು ಕೇಳಿದೆ. ಇದೆ ಅಂಕಲ್, ಹೊತ್ತೇ ಇಲ್ಲ ಎಂದ. ಅದು ಸೋಮಾರಿಯ ಮಾತಲ್ಲ, ಅವನ ಬಾಡಿಗೆಯ ಲೆಕ್ಕದಲ್ಲಿ ಬರೆಯದೆ ಉಳಿದ ಖರ್ಚು.

ಬೈಂದೂರಿನ ಕಡೆಯ ನೆಂಟರ ಹುಡುಗ ಈಚೆಗೆ ಫೋನು ಮಾಡಿದ್ದ. ಕೇಟರಿಂಗಿನವರು ಕರೆದಿದ್ದಾರೆ, ದಾದರಿನ ಆಸುಪಾಸು ಎಲ್ಲಾದರೂ ಒಂದು ರೂಮು ನೋಡಿ ಮಾವ, ಎಂದ. ನನಗೆ ಗೊತ್ತಿದ್ದ ಹಳೆಯ ಕಡೆಗೆಲ್ಲ ವಿಚಾರಿಸಿದೆ. ಒಂದು ಚಾಳು ಒಡೆದು ತಗಡಿನ ಬೇಲಿ ಹಾಕಿದ್ದಾರೆ. ಇನ್ನೊಂದರಲ್ಲಿ ಖೋಲಿಯ ವಾರಸುದಾರರು ಹೊಸ ಫ್ಲಾಟಿನ ಕಾಗದಕ್ಕೆ ಕಾಯುತ್ತಿದ್ದಾರೆ. ಈ ಹೊತ್ತಿನಲ್ಲಿ ಹೊರಗಿನವನನ್ನು ಸೇರಿಸಿದರೆ ತೊಡಕು ಎಂದರು, ಅವರ ಅಂಜಿಕೆಯೂ ಸುಳ್ಳಲ್ಲ. ಕೊನೆಗೆ ಅವನಿಗೆ ವಿರಾರಿನ ಒಬ್ಬ ದಲಾಲನ ನಂಬರು ಕೊಟ್ಟೆ. ಅವನು ಸಂಬಳವನ್ನೂ ಡಿಪಾಜಿಟ್ಟನ್ನೂ ಎದುರುಬದುರು ಇಟ್ಟು ನೋಡಿ ಬೆಂಗಳೂರಿನ ಬಸ್ಸು ಹತ್ತಿದ.

ಮಾಟುಂಗಾ, ಕುರ್ಲಾ, ಇನ್ನೂ ಎಷ್ಟೋ ಕಡೆ ನಮ್ಮವರು ಕಟ್ಟಿದ ಸಭಾಭವನಗಳಿವೆ. ರೂಮಿನ ಮೊಳೆಗಳಿಂದ ಇಳಿದು ಹೋದವರು ಕೊಟ್ಟ ದೇಣಿಗೆಯ ಹಣವೂ ಅವುಗಳ ಇಟ್ಟಿಗೆಗಳಲ್ಲಿದೆ. ಮದುವೆಯಾಗಲಿ, ಯಕ್ಷಗಾನವಾಗಲಿ, ಸನ್ಮಾನವಾಗಲಿ. ಅವುಗಳ ಮೇಲೆ ಇನ್ನೊಂದು ಮಾಳಿಗೆ ಎಬ್ಬಿಸಿ ಸಾಲು ಮಂಚ ಹಾಕಲು ಬರುವುದಿಲ್ಲವೇ? ಜಾತಿ ಕೇಳದೆ, ಹುಡುಗರಿಗೊಂದು ಬದಿ, ನರ್ಸಿಂಗ್ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ಬರುವ ಹುಡುಗಿಯರಿಗೊಂದು ಬದಿ, ಮೊದಲ ಆರು ತಿಂಗಳ ಮಟ್ಟಿಗೆ. ಸರಕಾರ ಕಟ್ಟಬೇಕಾದದ್ದು ಇದಕ್ಕಿಂತ ಬಹಳ ದೊಡ್ಡದು, ಅದನ್ನು ಕೇಳುತ್ತಲೇ ಇರಬೇಕು. ಇದು ನಮ್ಮ ಕೈಯಳತೆಯದು. ಯಾವುದಾದರೂ ಸಂಘ ಮುಂದೆ ಬಂದರೆ ಮೊದಲ ತಿಂಗಳುಗಳ ಗೆರೆಯನ್ನು ಹೊರಲು ನಾನಿದ್ದೇನೆ, ನನ್ನ ಹಾಗೆ ಆ ಬಾಗಿಲಿನಿಂದ ಒಳಗೆ ಬಂದ ಇನ್ನೂ ಹಲವರು ಡೊಂಬಿವಲಿಯಲ್ಲಿ, ಮೀರಾ ರೋಡಿನಲ್ಲಿ, ನೆರುಳಿನಲ್ಲಿ ಇದ್ದಾರೆ.