ನಗಲೆಂದು ನೋಡಿದ ಚಿತ್ರ

ನಗುವುದಕ್ಕೆಂದೇ ಆ ಚಲಚ್ಚಿತ್ರವನ್ನು ನೋಡಲು ಕುಳಿತೆ. ಶೆರಿಲ್ ಡನ್ಯೆ ಎಂಬ ಕರಿಯ ಅಮೆರಿಕನ್ ಮಹಿಳೆ ಅಲ್ಪ ಹಣದಲ್ಲಿ ನಿರ್ದೇಶಿಸಿದ ‘ದಿ ವಾಟರ್‌ಮೆಲನ್ ವುಮನ್’ ಅದು. ಫಿಲಡೆಲ್ಫಿಯದ ವಿಡಿಯೋ ಅಂಗಡಿಯ ತರುಣಿಯೊಬ್ಬಳು, 1930ರ ದಶಕದ ಚಿತ್ರಗಳಲ್ಲಿ ಸೇವಕಿಯ ಪಾತ್ರ ವಹಿಸಿ ಮರೆಯಾದ ನಟಿಯೊಬ್ಬಳನ್ನು ಅರಸುತ್ತಾಳೆ. ತನ್ನಂತೆ ಆಕೆಯೂ ಹೆಣ್ಣನ್ನೇ ಪ್ರೀತಿಸಿದವಳೆಂದು ತಿಳಿದು ಹಿಗ್ಗುತ್ತಾಳೆ. ನಾನೂ ನಕ್ಕೆ, ನಂಬಿದೆ. ಕೊನೆಯಲ್ಲಿ ಗುಟ್ಟು ಬಯಲಾಯಿತು: ಅಂತಹ ನಟಿ ಇರಲೇ ಇಲ್ಲ, ಹಳೆಯವೆಂದು ತೋರಿದ ಭಾವಚಿತ್ರಗಳೂ ಈ ಚಿತ್ರಕ್ಕಾಗಿಯೇ ತೆಗೆದವು!

ಇಂತಹ ಬಡ ಚಿತ್ರಗಳಿಗೆ ಉತ್ಸವಗಳೇ ದಾರಿ. 1996ರ ಬರ್ಲಿನ್ ಉತ್ಸವದಲ್ಲಿ ಇದಕ್ಕೆ ಟೆಡ್ಡಿ ಪ್ರಶಸ್ತಿ ದೊರೆಯಿತು. ತವರಿನಲ್ಲೋ, ಸರ್ಕಾರದ ಕಲಾಸಂಸ್ಥೆ ಇತ್ತ 31,500 ಡಾಲರ್ ನೆರವಿನ ಬಗ್ಗೆ ಶಾಸನಸಭೆಯಲ್ಲಿ ಆಕ್ಷೇಪವೆದ್ದಿತು. ಅದೇ ದೇಶ 2021ರಲ್ಲಿ ಇದನ್ನು, ಕಾಪಿಡತಕ್ಕ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ನಮ್ಮ ಮನೆಯ ಗೋಡೆಯ ಮೇಲೆ, ಮದುವೆಯಾಗದೆ ಉಳಿದ ಸೋದರತ್ತೆಯ ಭಾವಚಿತ್ರವಿದೆ. ಪಕ್ಕದಲ್ಲಿ ನಿಂತವರು ಇಪ್ಪತ್ತು ವರ್ಷ ಅವರೊಡನೆ ಒಂದೇ ಸೂರಿನಡಿ ಬಾಳಿದವರು. “ಯಾರೋ ಟೀಚರಮ್ಮ” ಎನ್ನುತ್ತಿದ್ದರು ಮನೆಯವರು. ಅವರ ಹೆಸರನ್ನು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಡನ್ಯೆ ಇಲ್ಲದ ನಟಿಗೆ ಹೆಸರೊಂದನ್ನು ಕಲ್ಪಿಸಬೇಕಾಯಿತು. ನಾನು ಅತ್ತೆಯನ್ನು ಒಮ್ಮೆ ಕೇಳಿದ್ದರೆ ಸಾಕಾಗಿತ್ತು.