ಪರದೇಶಪ್ರವಾಸದ ಕೈಖರ್ಚು

ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ದಾರಿಯ ಬುತ್ತಿಯನ್ನೂ ಸೊಂಟದ ಹಣವನ್ನೂ ಎಣಿಸಿಕೊಂಡೇ ಹೊಸ್ತಿಲು ದಾಟುತ್ತಿದ್ದರು. ಈಗಿನ ಗೃಹಸ್ಥನು ಯೂರೋಪು ಖಂಡವನ್ನು ನೋಡಲು ತಂಡದೊಡನೆ ಹೊರಡುವಾಗ ಈ ಎಣಿಕೆಯನ್ನು ಪ್ರವಾಸಸಂಸ್ಥೆಗೆ ಒಪ್ಪಿಸಿಬಿಡುತ್ತಾನೆ. ವಿಮಾನ, ವಸತಿ, ವಾಹನ, ಮಾರ್ಗದರ್ಶಕ, ಎಲ್ಲಕ್ಕೂ ಒಂದೇ ಮೊತ್ತ. ಅದನ್ನು ತೆತ್ತ ಮೇಲೆ ಇನ್ನು ಖರ್ಚೇ ಇಲ್ಲವೆಂದು ನಿಶ್ಚಿಂತನಾಗುತ್ತಾನೆ. ಆದರೆ ಯಾತ್ರೆಯ ನೆಮ್ಮದಿಯು ಆ ದೊಡ್ಡ ಮೊತ್ತಕ್ಕಿಂತ ಕೈಯಲ್ಲಿರುವ ಸಣ್ಣ ಹಣವನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ.

ಭಾಗವತದ ಎಂಟನೆಯ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಚಕ್ರವರ್ತಿಗೆ ವಿತ್ತವನ್ನು ಐದು ಪಾಲು ಮಾಡಬೇಕೆಂಬ ನೀತಿಯನ್ನು ಬೋಧಿಸುವರು. ಬಲಿಯು ಆ ಮಾತನ್ನು ಮೀರಿ ಮಹಾತ್ಮನಾದನು. ಪ್ರವಾಸಿಯು ಮೀರಿದರೆ ಸಾಲಗಾರನಾಗುವನು. ಆದಕಾರಣ ಕೈಖರ್ಚಿಗೂ ಐದು ಪಾಲುಗಳು ವಿಹಿತ.

ಮೊದಲನೆಯದು ನಿತ್ಯದ ಅಗತ್ಯಗಳ ಪಾಲು. ಒಪ್ಪಂದದ ಪತ್ರದಲ್ಲಿ ಯಾವ ಊಟ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಹೊರಡುವುದಕ್ಕೆ ಮುಂಚೆಯೇ ಓದಿಕೊಳ್ಳಬೇಕು. ಮಧ್ಯಾಹ್ನದ ಊಟ ಸೇರಿರದಿದ್ದರೆ ದಿನಗಳನ್ನು ಎಣಿಸಿ ಅಷ್ಟು ಹಣವನ್ನು ಬೇರೆ ಇಡತಕ್ಕದ್ದು. ಚಿಲ್ಲರೆ ಖರ್ಚುಗಳನ್ನೂ ಅಲಕ್ಷಿಸಕೂಡದು. ಜರ್ಮನಿಯ ಹೆದ್ದಾರಿಗಳ ಅನೇಕ ತಂಗುದಾಣಗಳಲ್ಲಿ 2022ರಿಂದ ಶೌಚಗೃಹಕ್ಕೆ ಒಂದು ಯೂರೋ ತೆರಬೇಕಾಗಿದೆ. ಬದಲಿಗೆ ದೊರೆಯುವ ಚೀಟಿಯನ್ನು ಅಲ್ಲಿಯ ಅಂಗಡಿಯಲ್ಲಿ ಹಣದಂತೆ ಬಳಸಬಹುದು. ಇಟಲಿಯ ಹಲವು ಕಾಫಿ ಅಂಗಡಿಗಳಲ್ಲಿ ನಿಂತು ಕುಡಿದರೆ ಒಂದು ಬೆಲೆ, ಮೇಜಿನ ಮುಂದೆ ಕುಳಿತರೆ ಹೆಚ್ಚಿನ ಬೆಲೆ. ರೋಮ್ ನಗರದ ಬೀದಿಯ ನಲ್ಲಿಗಳಲ್ಲಾದರೋ ಕುಡಿಯುವ ನೀರು ಧರ್ಮಾರ್ಥವಾಗಿ ಹರಿಯುತ್ತಿರುತ್ತದೆ. ಬರಿಯ ಸೀಸೆಯೊಂದು ಜೊತೆಗಿದ್ದರೆ ಸಾಕು.

ಎರಡನೆಯದು ಉಪಚಾರದ ಪಾಲು. ಮಾರ್ಗದರ್ಶಕನಿಗೂ ವಾಹನ ನಡೆಸುವವನಿಗೂ ಸಲ್ಲಬೇಕಾದ ಇನಾಮನ್ನು ಕೆಲವು ಸಂಸ್ಥೆಗಳು ಮೊದಲೇ ವಸೂಲು ಮಾಡುತ್ತವೆ, ಕೆಲವು ಯಾತ್ರಿಕರ ಇಚ್ಛೆಗೆ ಬಿಡುತ್ತವೆ. ಇದನ್ನು ಕೇಳಿ ತಿಳಿದುಕೊಂಡರೆ ಕೊನೆಯ ದಿನ ಮುಖ ತಪ್ಪಿಸಿಕೊಳ್ಳುವ ಪ್ರಸಂಗ ಬಾರದು.

ಮೂರನೆಯದು ಆಸೆಯ ಪಾಲು. ವೆನಿಸ್ ನಗರದ ಗೊಂಡೋಲಾ ದೋಣಿಯ ವಿಹಾರವು ಅನೇಕ ವೇಳೆ ಒಪ್ಪಂದದ ಹೊರಗೆ ಉಳಿದಿರುತ್ತದೆ. 2023ರ ನವೆಂಬರಿನಲ್ಲಿ ಜಾರಿಗೆ ಬಂದ ದರದಂತೆ ಹಗಲಿನ 30 ನಿಮಿಷಕ್ಕೆ 90 ಯೂರೋ. ಇದು ದೋಣಿಯ ಬಾಡಿಗೆಯೇ ಹೊರತು ತಲೆಯ ಲೆಕ್ಕವಲ್ಲ. ಐವರು ಕೂಡಿ ಕುಳಿತರೆ ತಲೆಗೆ 18, ದಂಪತಿಗಳಿಬ್ಬರೇ ಕುಳಿತರೆ ತಲೆಗೆ 45.

ನಾಲ್ಕನೆಯದು ಸ್ವಜನರ ಪಾಲು. ಕಾಣಿಕೆ ಯಾರಿಗೆಂಬುದನ್ನು ಊರಿನಲ್ಲಿಯೇ ಬರೆದುಕೊಳ್ಳದವನು ಸ್ವಿಟ್ಜರ್ಲೆಂಡಿನ ಅಂಗಡಿಯಲ್ಲಿ ಪಕ್ಕದವನ ಬುಟ್ಟಿಯನ್ನು ನೋಡಿ ತನ್ನ ಬುಟ್ಟಿಯನ್ನು ತುಂಬುತ್ತಾನೆ.

ಐದನೆಯದು ಆಪತ್ತಿನ ಪಾಲು. ಇದನ್ನು ಬೇರೆಯ ಚೀಲದಲ್ಲಿಟ್ಟು ಮರೆತಂತಿರಬೇಕು. ಹಣವೆಲ್ಲವೂ ನೋಟಿನ ರೂಪದಲ್ಲಿರುವುದು ಕ್ಷೇಮವಲ್ಲ. ಸ್ವಿಟ್ಜರ್ಲೆಂಡಿನದು ಫ್ರಾಂಕ್, ಬ್ರಿಟನ್ನಿನದು ಪೌಂಡು. ಪ್ರತಿಯೊಂದು ವಿನಿಮಯದಲ್ಲಿಯೂ ಸ್ವಲ್ಪ ಸೋರಿಹೋಗುತ್ತದೆ. ಕಾರ್ಡಿನಿಂದ ತೆರುವಾಗ ಯಂತ್ರವು ರೂಪಾಯಿಯ ಲೆಕ್ಕವೋ ಅಲ್ಲಿಯ ನಾಣ್ಯದ ಲೆಕ್ಕವೋ ಎಂದು ಕೇಳಿದರೆ ಅಲ್ಲಿಯದನ್ನೇ ಆರಿಸುವುದು ಸಾಮಾನ್ಯವಾಗಿ ಲಾಭಕರ.

ಇಷ್ಟೆಲ್ಲ ವಿಂಗಡಿಸಿದರೂ ಒಂದು ಲೋಪ ಉಳಿಯುವುದುಂಟು. ಎಷ್ಟೋ ಮನೆಗಳಲ್ಲಿ ಐದು ಪಾಲುಗಳೂ ಯಜಮಾನನ ಜೇಬಿನಲ್ಲಿಯೇ ಇರುತ್ತವೆ. ನಲವತ್ತು ವರ್ಷ ಸಂಸಾರದ ಖರ್ಚಿನಲ್ಲಿ ಕಾಸಿಗೆ ಕಾಸು ಕೂಡಿಸಿ ಈ ಯಾತ್ರೆಯನ್ನು ಸಾಧ್ಯಮಾಡಿದ ಗೃಹಿಣಿಯು ಒಂದು ಲೋಟ ಕಾಫಿಗೆ ಗಂಡನ ಮುಖ ನೋಡಬೇಕಾಗುತ್ತದೆ. ಶೌಚಗೃಹದ ನಾಣ್ಯವನ್ನು ಕೇಳಲು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಬಿಡುವವರುಂಟು. ಆಕೆಯ ಪಾಲನ್ನು ಹೊರಡುವ ಮುನ್ನವೇ ಆಕೆಯ ಕೈಗೆ ಕೊಟ್ಟು, ಮರಳಿದ ಮೇಲೂ ಅದರ ಲೆಕ್ಕವನ್ನು ಕೇಳದಿರುವುದೇ ಧರ್ಮ. ಒಂದು ಚೀಲ ಕಳುವಾದರೂ ಇನ್ನೊಂದು ಉಳಿಯುವುದೆಂಬ ಅನುಕೂಲವೂ ಇದರಲ್ಲುಂಟು.

ತಂಡದಲ್ಲಿ ಸಿರಿವಂತರೂ ಇರುವರು, ನಿವೃತ್ತಿವೇತನದಲ್ಲಿ ಉಳಿಸಿಕೊಂಡು ಬಂದವರೂ ಇರುವರು. ತನ್ನ ಅಳತೆಯನ್ನು ಮೊದಲೇ ಗೊತ್ತುಮಾಡಿಕೊಂಡವನು ಇದು ತನಗೆ ಬೇಡವೆನ್ನಲು ನಾಚಬೇಕಾಗಿಲ್ಲ. ಬೇಕಾದುದನ್ನು ಕೊಳ್ಳುವಾಗ ಒಳಗೆ ಅಳುಕಬೇಕಾಗಿಯೂ ಇಲ್ಲ. ಹೀಗೆ ಹೊರಟ ದಂಪತಿಗಳು ಆಲ್ಪ್ಸ್ ಪರ್ವತದ ಮುಂದೆ ನಿಂತಾಗ ಹಿಮವನ್ನೇ ನೋಡುವರು. ಮನಸ್ಸಿನಲ್ಲಿ ಫ್ರಾಂಕನ್ನು ರೂಪಾಯಿಗೆ ಗುಣಿಸುತ್ತ ನಿಲ್ಲುವುದಿಲ್ಲ.