ಮ್ಯೂನಿಕ್ಕಿನಲ್ಲಿ ಗೋಧಿ ಬಿಯರಿನ ಮೇಜಿನ ಸುತ್ತ

ಪರದೇಶಗಳಿಗೆ ಹೋದವರು ಅರಮನೆ, ಇಗರ್ಜಿ, ವಸ್ತುಸಂಗ್ರಹಾಲಯಗಳನ್ನು ಕಂಡು ಬಂದು ಬರೆಯುವುದು ವಾಡಿಕೆ. ಆದರೆ ಒಂದು ನಾಡಿನ ಜನರು ಬಿಡುವಿನ ವೇಳೆಯಲ್ಲಿ ಎಲ್ಲಿ ಕೂಡುತ್ತಾರೆ, ಯಾರೊಡನೆ ಉಣ್ಣುತ್ತಾರೆ ಎಂಬುದನ್ನು ಅರಿಯದೆ ಆ ನಾಡನ್ನು ಅರಿತಂತಾಗದು. ಜರ್ಮನಿಯ ದಕ್ಷಿಣ ಪ್ರಾಂತವಾದ ಬವೇರಿಯಾದಲ್ಲಿ ಅಂತಹ ಸ್ಥಳವೆಂದರೆ ಬಿಯರ್ ಹಾಲ್. ಮದ್ಯವನ್ನು ಮುಟ್ಟದ ಮನೆತನಗಳ ಓದುಗ ಬಂಧುಗಳಿಗೆ ಈ ಮಾತು ವಿಚಿತ್ರವೆನಿಸೀತು. ನಮಗೂ ಮೊದಲು ಹಾಗೆಯೇ ಅನಿಸಿತ್ತು.

ಮ್ಯೂನಿಕ್ ನಗರದಲ್ಲಿ ನೆಲೆಸಿರುವ ಮಗಳು ಅಳಿಯಂದಿರ ಮನೆಗೆ ನಾವು ದಂಪತಿಗಳು ಹೋಗಿದ್ದಾಗ, ಅಳಿಯಂದಿರ ಹಿರಿಯ ಸಹೋದ್ಯೋಗಿಯೊಬ್ಬರು ನಮ್ಮೆಲ್ಲರನ್ನೂ ಊಟಕ್ಕೆ ಆಮಂತ್ರಿಸಿದರು. ಅವರು ಆರಿಸಿದ ಸ್ಥಳ ಟಾಲ್ ಎಂಬ ಬೀದಿಯಲ್ಲಿರುವ ಷ್ನೈಡರ್ ಮನೆತನದ ಹಳೆಯ ಬಿಯರ್ ಹಾಲ್. ಪ್ರೀತಿಯಿಂದ ಕರೆದವರ ಮನಸ್ಸನ್ನು ನೋಯಿಸಲಾಗದು. ಹಿರಿಯರಿಂದ ಬಂದ ನೇಮವನ್ನು ಬಿಡಲೂ ಆಗದು. ಅಳಿಯಂದಿರು ಸಂಕೋಚಪಡದೆ ವಿಷಯವನ್ನು ತಿಳಿಸಿಬಿಟ್ಟರು. “ಅವರು ಕುಡಿಯಬೇಕೆಂದು ನಾನು ಕರೆದಿಲ್ಲ, ನಮ್ಮ ಮೇಜಿಗೆ ಬರಲೆಂದು ಕರೆದಿದ್ದೇನೆ” ಎಂಬ ಉತ್ತರ ಬಂದಿತು. ಅದನ್ನು ಕೇಳಿದ ಮೇಲೆ ಹೋಗದಿರಲು ಕಾರಣವೇ ಉಳಿಯಲಿಲ್ಲ.

ನಗರದ ಹೃದಯಭಾಗವಾದ ಮರಿಯನ್‌ಪ್ಲಾಟ್ಸ್ ಚೌಕದಿಂದ ಕೆಲವೇ ನಿಮಿಷಗಳ ನಡಿಗೆ. ಒಳಗೆ ಉದ್ದನೆಯ ಮರದ ಮೇಜುಗಳು, ಬೆನ್ನಿಗೆ ಒರಗುವಂತಹ ಬೆಂಚುಗಳು. ಗುರುತಿಲ್ಲದವರು ಒಂದೇ ಮೇಜಿನಲ್ಲಿ ಕೂಡುವುದು ಅಲ್ಲಿಯ ರೂಢಿ, “ಈ ಜಾಗ ಖಾಲಿ ಇದೆಯೇ?” ಎಂದು ಕೇಳಿ ಕುಳಿತರೆ ಆಯಿತು. ಕತ್ತಲೆಯ ಹೆಂಡದಂಗಡಿಯನ್ನು ಕಲ್ಪಿಸಿಕೊಂಡಿದ್ದ ನಮಗೆ ಅಜ್ಜಿಯರು, ಮೊಮ್ಮಕ್ಕಳು, ವೃತ್ತಪತ್ರಿಕೆ ಓದುತ್ತಿದ್ದ ವೃದ್ಧರು ಕಂಡುಬಂದರು.

ಅತಿಥೇಯರು ಹೇಳಿದ ಗೋಧಿ ಬಿಯರಿನ ಚರಿತ್ರೆ ನಿಜಕ್ಕೂ ಧಾನ್ಯದ ಚರಿತ್ರೆಯೇ ಆಗಿದೆ. 1516ರಲ್ಲಿ ಬವೇರಿಯಾದ ಅರಸರು ಬಿಯರಿಗೆ ಬಾರ್ಲಿ, ಹಾಪ್ಸ್ ಹೂವು ಮತ್ತು ನೀರನ್ನು ಮಾತ್ರ ಬಳಸಬೇಕೆಂದು ಕಟ್ಟಳೆ ಮಾಡಿದರು. ಗೋಧಿ ರೊಟ್ಟಿಯ ಧಾನ್ಯ. ಅದು ಬಿಯರಿನ ಹಂಡೆಗೆ ಹೋದರೆ ಬಡವರ ರೊಟ್ಟಿ ತುಟ್ಟಿಯಾಗುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ಕಾರಣ. ಆದರೆ ಡೇಗನ್‌ಬರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಮಾತ್ರ ಗೋಧಿ ಬಿಯರಿನ ವಿಶೇಷ ಹಕ್ಕು ದೊರೆಯಿತು. 1602ರಲ್ಲಿ ಆ ವಂಶ ನಿಂತುಹೋದಾಗ ಹಕ್ಕು ಅರಸನಾದ ಒಂದನೆಯ ಮ್ಯಾಕ್ಸಿಮಿಲಿಯನ್ನನ ಕೈಸೇರಿತು. ಜನರ ರೊಟ್ಟಿಗೆಂದು ಕಾದಿರಿಸಿದ ಗೋಧಿಯೇ ಅರಸನ ಬೊಕ್ಕಸ ತುಂಬುವ ಸಾಧನವಾಯಿತು! ಇಂದು ಜಗತ್ಪ್ರಸಿದ್ಧವಾಗಿರುವ ಹೋಫ್‌ಬ್ರೌಹೌಸ್ ತನ್ನ ಈಗಿನ ಸ್ಥಳದಲ್ಲಿ 1607ರಲ್ಲಿ ಆರಂಭವಾದದ್ದು ಅರಸನ ಗೋಧಿ ಬಿಯರಿನ ಕಾರ್ಖಾನೆಯಾಗಿಯೇ.

ಕಾಲಕ್ರಮದಲ್ಲಿ ಜನರ ಒಲವು ಬೇರೆ ಬಗೆಯ ಬಿಯರುಗಳತ್ತ ತಿರುಗಿತು. 1872ರಲ್ಲಿ ಗಿಯೋರ್ಗ್ ಷ್ನೈಡರ್ ಎಂಬುವರು ಗೋಧಿ ಬಿಯರನ್ನು ತಯಾರಿಸುವ ಹಕ್ಕನ್ನು ಪಡೆದು ಟಾಲ್ ಬೀದಿಯಲ್ಲಿ ಕೆಲಸ ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಬಾಂಬಿನ ದಾಳಿಗೆ ಇಲ್ಲಿಯ ಕಾರ್ಖಾನೆ ನಾಶವಾಯಿತು. ತಯಾರಿಕೆ ಡ್ಯಾನ್ಯೂಬ್ ತೀರದ ಕೆಲ್‌ಹೈಮ್ ಊರಿಗೆ ಹೋಯಿತು; ಊಟದ ಮನೆ ಮಾತ್ರ ಮತ್ತೆ ಇಲ್ಲಿಯೇ ಎದ್ದು ನಿಂತಿತು.

ತಯಾರಿಸುವ ಕ್ರಮ ನಮ್ಮ ಗೃಹಿಣಿಯರಿಗೆ ತೀರ ಹೊಸದಲ್ಲ. ರಾಗಿ ಮಾಲ್ಟಿಗೆ ಮಾಡುವಂತೆಯೇ ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ನುಚ್ಚು ಮಾಡುತ್ತಾರೆ. ಅದರಲ್ಲಿ ಕನಿಷ್ಠ ಅರ್ಧದಷ್ಟು ಗೋಧಿ ಇರಬೇಕು, ಉಳಿದದ್ದು ಬಾರ್ಲಿ. ಬಿಸಿನೀರಿನಲ್ಲಿ ಕಲಸಿ ಸೋಸಿದ ರಸವನ್ನು ಹಾಪ್ಸ್ ಸೇರಿಸಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ ಹುದುಗಿಸುತ್ತಾರೆ.

ಅತಿಥೇಯ ದಂಪತಿಗಳು ನಾಲ್ಕು ಬಗೆಗಳನ್ನು ತರಿಸಿದರು. ಯೀಸ್ಟ್ ಉಳಿಸಿಕೊಂಡ ಮಬ್ಬಾದ ಹೊಂಬಣ್ಣದ್ದು; ಸೋಸಿ ತಿಳಿಯಾಗಿಸಿದ್ದು; ಹುರಿದ ಧಾನ್ಯದಿಂದ ಕಂದಾದದ್ದು; ಕೊನೆಯದು 1907ರಿಂದ ತಯಾರಾಗುತ್ತಿರುವ ಅವೆಂಟೀನುಸ್ ಎಂಬ ಗಾಢವಾದ, ಬಲು ಪ್ರಬಲವಾದ ಬಗೆ. ಬಾಟಲಿಯಿಂದ ಸುರಿಯುವುದಕ್ಕೂ ಒಂದು ಶಾಸ್ತ್ರವಿದೆ. ನೀಳವಾದ ಲೋಟವನ್ನು ತಣ್ಣೀರಿನಲ್ಲಿ ತೊಳೆದು, ಓರೆಯಾಗಿ ಹಿಡಿದು ಮೆಲ್ಲಗೆ ಸುರಿಯಬೇಕು. ಕೊನೆಯಲ್ಲಿ ಉಳಿದ ಗುಟುಕನ್ನು ಬಾಟಲಿಯಲ್ಲಿಯೇ ತಿರುಗಿಸಿ, ತಳದ ಯೀಸ್ಟನ್ನು ಮೇಲೆಬ್ಬಿಸಿ ಸುರಿದರೆ ನೊರೆ ಕಿರೀಟದಂತೆ ನಿಲ್ಲುತ್ತದೆ. ಸವಿದವರು ಅವರು, ನಮ್ಮ ಪಾಲಿಗೆ ಬಂದದ್ದು ಬಣ್ಣ ಮತ್ತು ಪರಿಮಳ. ಮೊದಲ ಲೋಟದಿಂದ ಮಾಗಿದ ಬಾಳೆಹಣ್ಣು ಹಾಗೂ ಲವಂಗದ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು. ಅವೆರಡನ್ನೂ ಹಾಕಿರುವುದಿಲ್ಲ, ಅದು ಯೀಸ್ಟಿನ ಕೆಲಸವೆಂದು ತಿಳಿದು ಆಶ್ಚರ್ಯವಾಯಿತು.

ನಮಗಾಗಿ ಸೋಡಾ ಬೆರೆಸಿದ ಸೇಬಿನ ರಸ ಬಂದಿತು. ಅಳಿಯಂದಿರೂ ಅದನ್ನೇ ತರಿಸಿಕೊಂಡರು. ಈ ಬಗ್ಗೆ ನಾವೂ ಏನನ್ನೂ ಕೇಳಲಿಲ್ಲ, ಅವರೂ ಏನನ್ನೂ ಹೇಳಲಿಲ್ಲ! ಮದ್ಯರಹಿತ ಗೋಧಿ ಬಿಯರ್ ಕೂಡ ಅಲ್ಲಿ ದೊರೆಯುತ್ತದೆ. ಆದರೆ ಜರ್ಮನಿಯಲ್ಲಿ ಶೇಕಡಾ 0.5ರವರೆಗೆ ಮದ್ಯಾಂಶವಿದ್ದರೂ ಹಾಗೆ ಕರೆಯುವುದುಂಟು ಎಂದು ಮಗಳು ತಿಳಿಸಿದ್ದರಿಂದ ಅದನ್ನೂ ವಿನಯದಿಂದ ಬಿಟ್ಟೆವು. ಊಟದಲ್ಲಿಯೂ ಎಚ್ಚರ ಬೇಕು. ಒಬಾಟ್ಸ್ಡ ಎಂಬ ಚೀಸಿನ ವ್ಯಂಜನ ಸಸ್ಯಾಹಾರವೆಂದು ಕಂಡರೂ ಅದಕ್ಕೆ ಬಿಯರ್ ಬೆರೆಸುವುದುಂಟು. ಬ್ರೆಟ್ಸೆಲ್ ಎಂಬ ತಿರುಚಿದ ರೊಟ್ಟಿಗೆ ಕೆಲವರು ಹಂದಿಯ ಕೊಬ್ಬನ್ನು ಸೇರಿಸುತ್ತಾರೆ. ಪರಿಚಾರಿಕೆಯನ್ನು ಒಂದೊಂದಾಗಿ ಕೇಳಿ ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ಸುರುಳಿಯಾಗಿ ಹೆಚ್ಚಿ ಉಪ್ಪು ಹಚ್ಚಿದ ಬಿಳಿ ಮೂಲಂಗಿಯನ್ನು ತರಿಸಿಕೊಂಡೆವು. ಆಕೆ ಬೇಸರಿಸಲಿಲ್ಲ.

“ಇಷ್ಟು ಬಿಯರ್ ಕುಡಿಯುವ ನಾಡಿನಲ್ಲಿ ಅದರಿಂದ ಮನೆ ಹಾಳಾಗುವುದಿಲ್ಲವೇ?” ಎಂದು ಶ್ರೀಮತಿಯವರು ಮಗಳ ಮೂಲಕ ಕೇಳಿಯೇ ಬಿಟ್ಟರು. ಅತಿಥೇಯರ ಪತ್ನಿ ಲೋಟವನ್ನು ಕೆಳಗಿಟ್ಟು, “ಹಾಳಾಗುತ್ತವೆ. ನನ್ನ ಅಣ್ಣ ಹಾಗೆಯೇ ಹೋದ” ಎಂದರು. ಮೇಜು ಒಂದು ಗಳಿಗೆ ಮೌನವಾಯಿತು. ಜರ್ಮನಿಯಲ್ಲಿ 1980ರ ಸುಮಾರಿಗೆ ವರ್ಷಕ್ಕೆ ತಲಾ 140 ಲೀಟರಿಗೂ ಮಿಕ್ಕಿದ್ದ ಬಿಯರಿನ ಬಳಕೆ ಈಗ 90 ಲೀಟರಿಗಿಂತ ಕೆಳಗಿಳಿದಿದೆ. ಇಂದಿನ ಯುವಕರು ಕಡಿಮೆ ಕುಡಿಯುತ್ತಾರೆ ಎಂದು ಆಕೆಯ ಪತಿ ಹೇಳಿದರು. ಆ ಮಾತಿನಲ್ಲಿ ವ್ಯಾಪಾರ ಕುಗ್ಗಿತೆಂಬ ವ್ಯಥೆಯಿರಲಿಲ್ಲ.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಇಂತಹ ಊರುಗಳಲ್ಲಿದ್ದಾರೆ. ಅವರನ್ನೂ ಇಂತಹ ಮೇಜುಗಳಿಗೆ ಕರೆಯುವವರು ಇದ್ದೇ ಇರುತ್ತಾರೆ. ಹೋಗಬೇಡಿರೆಂದು ಹೇಳಿದರೆ ಅವರು ಆ ನಾಡಿನಲ್ಲಿ ಒಂಟಿಯಾಗುತ್ತಾರೆ. ಹೋಗಿ ಅಂಜಿಕೆಯಿಂದ ಲೋಟವೆತ್ತಿದರೆ ತಮ್ಮಿಂದಲೇ ದೂರವಾಗುತ್ತಾರೆ. ತಮ್ಮ ನೇಮವನ್ನು ಮೊದಲೇ ನಗುಮುಖದಿಂದ ಹೇಳಿ, ಇತರರ ಲೋಟವನ್ನು ಹಳಿಯದೆ ಕೂಡಬಲ್ಲವರಿಗೆ ಆ ಮೇಜಿನಲ್ಲಿ ಸ್ಥಳವುಂಟು.